ಅಮಾವಾಸ್ಯೆಯ ರಜೆ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ಬೀದಿಯಲ್ಲಿ ಒಂದು ಗ್ರಂಥಿಗೆ ಅಂಗಡಿ ಇದೆ. ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಹೂಬತ್ತಿಗಳ ನಡುವೆ ಡಿಸೆಂಬರ್ ಬಂತೆಂದರೆ ಗೋಡೆ ಕ್ಯಾಲೆಂಡರುಗಳೂ ಸುರುಳಿ ಸುತ್ತಿಕೊಂಡು ನಿಂತಿರುತ್ತವೆ. ನನಗೆ ಬೇಕಾದದ್ದು ದೊಡ್ಡ ಅಂಕಿಯದು. ಅಂಕಿಯ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ ಇರಬೇಕು, ಹಾಲಿನ ಲೆಕ್ಕ ಬರೆಯಲು ಒಂದಿಷ್ಟು ಜಾಗ ಇರಬೇಕು. ಕಳೆದ ತಿಂಗಳು ಹೋದಾಗ ಅಂಗಡಿಯವರು ನನ್ನ ಮುಖ ನೋಡಿದ್ದೇ ಎರಡು ಸುರುಳಿ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ ಮುಂದಿಟ್ಟರು. ಒಂದು ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಹೂವಿನವಳ ಹತ್ತಿರ ಒಂದು ಮೊಳ ಕನಕಾಂಬರ ಕೊಂಡು ಮನೆಗೆ ಬಂದೆ.

ಒಂದು ಅಡುಗೆಮನೆಯ ಫ್ರಿಜ್ಜಿನ ಪಕ್ಕದ ಮೊಳೆಗೆ ಹೋಯಿತು. ಇನ್ನೊಂದು ಬೀರುವಿನ ಮೇಲಿದೆ. ಅದು ನನ್ನ ತಮ್ಮನದು. ಮಂಗಳೂರಿನಿಂದಾಚೆ, ಸಮುದ್ರದ ದಡದ ಒಂದು ಮೀನುಗಾರರ ಊರಿನಲ್ಲಿ ಅವನು ಹನ್ನೊಂದು ವರ್ಷ ಇದ್ದ. ಪ್ರತಿ ಡಿಸೆಂಬರಿನಲ್ಲೂ ಆ ಊರಿಗೆ ಒಂದು ಕ್ಯಾಲೆಂಡರ್ ಕೊರಿಯರ್ ಮಾಡುತ್ತಿದ್ದೆ. ಹೋದ ವರ್ಷ ಮೇ ತಿಂಗಳಲ್ಲಿ ಅವನು ತೀರಿಕೊಂಡ.

ಅವನು ಸರ್ಫರ್. ಅಂದರೆ ಉದ್ದನೆಯ ಹಲಗೆಯ ಮೇಲೆ ನಿಂತು ಸಮುದ್ರದ ತೆರೆಯ ಜೊತೆ ಜಾರಿಕೊಂಡು ದಡಕ್ಕೆ ಬರುವವನು, ಬೇರೆಯವರಿಗೂ ಅದನ್ನು ಕಲಿಸುವವನು. ಹಾಗಂದ ಕೂಡಲೇ ನೀವು ‘ಅಯ್ಯೋ, ಸಮುದ್ರದಲ್ಲೇ?’ ಎಂದು ಕೇಳುತ್ತೀರಿ. ಎಲ್ಲರೂ ಹಾಗೇ ಕೇಳಿದರು. ಅವನು ಹೋದದ್ದು ಸಮುದ್ರದಲ್ಲಲ್ಲ, ಹೆದ್ದಾರಿಯಲ್ಲಿ. ಆ ದಿನ ಅವನು ನೀರಿಗೆ ಇಳಿದೇ ಇರಲಿಲ್ಲ. ಇಳಿಯದೆ ಇದ್ದುದಕ್ಕೆ ಕಾರಣ ನಾನು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ನಮ್ಮ ಯಜಮಾನರಿಗೂ.

ಅವನ ಹೆಸರು ನರಹರಿ. ಹುಟ್ಟಿದಾಗ ನಾಲ್ಕು ಕೆಜಿ ಇದ್ದನೆಂದು ಮನೆಯಲ್ಲಿ ಗುಂಡ ಅಂದರು. ಆಮೇಲೆ ಕಡ್ಡಿಯಂತಾದರೂ ಹೆಸರು ಹೋಗಲಿಲ್ಲ. ನಾವು ಬೆಳೆದದ್ದು ಶ್ರೀನಗರದ ಒಂದು ವಠಾರದಲ್ಲಿ. ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಹಂಡೆ, ಬಕೆಟ್ಟು, ಕೊಳದಪ್ಪಲೆ, ಕೊನೆಗೆ ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಡುತ್ತಿದ್ದೆವು. ಹಿತ್ತಲಲ್ಲಿ ಒಂದು ಡ್ರಮ್ಮಿತ್ತು. ಗುಂಡನಿಗೆ ಐದೋ ಆರೋ ವರ್ಷ. ಒಂದು ಬೆಳಿಗ್ಗೆ ನೋಡಿದರೆ ಆ ಡ್ರಮ್ಮಿನೊಳಗೆ ಇಳಿದು ಕೂತಿದ್ದಾನೆ, ಎರಡು ದಿನದ ನೀರಿನಲ್ಲಿ. ಅಮ್ಮ ದೋಸೆ ಮಗುಚುವ ಕೈ ಹಿಡಿದು ಬಂದಳು. ಇವನು ತಲೆಯನ್ನೂ ಮುಳುಗಿಸಿಬಿಟ್ಟ. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಅಮ್ಮ ಹೆದರಿ ಕಿರುಚಿದ ಮೇಲೆ ಎದ್ದು, ಮೂಗಿನಿಂದ ನೀರು ಸುರಿಸುತ್ತಾ ನಕ್ಕ. ಏಟು ಬಿದ್ದದ್ದು ನನಗೆ. ನಾನು ಅವನಿಗಿಂತ ಹತ್ತು ವರ್ಷ ದೊಡ್ಡವಳು, ನೋಡಿಕೊಳ್ಳಬೇಕಿತ್ತು. ಅವತ್ತಿನಿಂದ ಅವನನ್ನು ನೀರಿನಿಂದ ಕಾಪಾಡುವುದು ನನ್ನ ಕೆಲಸ ಎಂದು ನಾನೇ ತಿಳಿದುಕೊಂಡುಬಿಟ್ಟೆ. ಯಾರೂ ಕೊಟ್ಟ ಕೆಲಸವಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದೆ, ಈ ಕೆಲಸದಿಂದ ಆಗಲಿಲ್ಲ.

ಓದು ಮುಗಿಸಿ ಅವನು ಔಷಧಿ ಕಂಪನಿಯೊಂದರ ರೆಪ್ ಆದ. ಕೊರಳಿಗೆ ಟೈ, ಕೈಯಲ್ಲಿ ಕಪ್ಪು ಬ್ಯಾಗು, ಡಾಕ್ಟರುಗಳ ಬಾಗಿಲಲ್ಲಿ ಕಾಯುವ ಕೆಲಸ. ಬನಶಂಕರಿ, ಬಿಟಿಎಂ, ಬೊಮ್ಮನಹಳ್ಳಿ ಕಡೆಯ ಕ್ಲಿನಿಕ್ಕುಗಳೆಲ್ಲ ಅವನ ಪಾಲಿನವು. ಮದುವೆಯಾದ ಎರಡೇ ವರ್ಷಕ್ಕೆ ಇಬ್ಬರೂ ಒಪ್ಪಿ ಬೇರೆಯಾದರು, ಆ ಕಥೆ ಇಲ್ಲಿ ಬೇಡ. ಮೂವತ್ತೇಳನೇ ವಯಸ್ಸಿಗೆ ಮಂಗಳೂರಿಗೆ ವರ್ಗವಾಯಿತು. ಒಂದು ಭಾನುವಾರ ಸಮುದ್ರಕ್ಕೆ ಹೋದವನು ಹಲಗೆಯ ಮೇಲೆ ನಿಂತು ಬರುವ ಜನರನ್ನು ಕಂಡನಂತೆ. ಮುಂದಿನ ಭಾನುವಾರ ತಾನೂ ಒಂದು ಹಲಗೆ ಬಾಡಿಗೆಗೆ ತೆಗೆದುಕೊಂಡು ಬಿದ್ದನಂತೆ. ಅದರ ಮುಂದಿನ ಭಾನುವಾರವೂ ಬಿದ್ದನಂತೆ. ಆರು ತಿಂಗಳಿಗೆ ಕೆಲಸ ಬಿಟ್ಟ. ಒಂದೆರಡು ವರ್ಷ ಬೇರೆಯವರ ಹತ್ತಿರ ಕಲಿತ, ಕಲಿಸಿದ. ಆಮೇಲೆ ಜಲಜಕ್ಕ ಎಂಬುವವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು, ತೆಂಗಿನ ಗರಿಯ ಚಪ್ಪರದ ಕೆಳಗೆ ತನ್ನದೇ ಐದು ಹಲಗೆ ನಿಲ್ಲಿಸಿಕೊಂಡ.

ನೆಂಟರು ‘ಗುಂಡ ಈಗ ಏನು ಮಾಡ್ತಾನೆ?’ ಎಂದು ಕೇಳಿದರೆ ನಾನು ‘ಟೂರಿಸಂನಲ್ಲಿದಾನೆ’ ಅನ್ನುತ್ತಿದ್ದೆ. ಎಷ್ಟು ಗಂಭೀರವಾಗಿ ಅನ್ನುತ್ತಿದ್ದೆನೆಂದರೆ ಚಿಕ್ಕಪ್ಪನೊಬ್ಬರು ಅವನನ್ನು ಸರ್ಕಾರಿ ನೌಕರ ಎಂದೇ ತಿಳಿದು ತಿರುಪತಿಯಲ್ಲಿ ರೂಮು ಕೊಡಿಸಲು ಕೇಳಿದರು. ನಾಚಿಕೆಯಿಂದ ಆಡಿದ ಸುಳ್ಳು ಅದು. ಈಗ ನೆನೆದರೆ ಸುಳ್ಳಿಗಿಂತ ಆ ನಾಚಿಕೆಯೇ ಹೆಚ್ಚು ನೋಯಿಸುತ್ತದೆ. ಸಮುದ್ರಕ್ಕೆ ಹೋಗಿ ಬರುವುದನ್ನೇ ಬದುಕು ಮಾಡಿಕೊಂಡಿದ್ದಾನೆ, ಅವನು ಅದರಲ್ಲಿ ಜಾಣ ಎಂದು ಒಂದು ಸಲವಾದರೂ ಹೇಳಬಹುದಿತ್ತು.

ಜಾಣನೇ ಇರಬೇಕು. ನನಗೆ ಹೇಗೆ ಗೊತ್ತಾಗಬೇಕು, ನಾನು ನೋಡಿಲ್ಲ. ಆದರೆ ಅವನ ದಿನಚರಿ ಬಾಯಿಪಾಠವಾಗಿದೆ. ಐದಕ್ಕೆ ಮುಂಚೆ ಏಳುತ್ತಿದ್ದ. ಎದ್ದವನು ನೇರ ದಡಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ, ಕಾಲು ಗಂಟೆ. ತೆರೆ ಎಲ್ಲಿ ಮುರಿಯುತ್ತದೆ, ಎಷ್ಟು ಹೊತ್ತಿಗೊಂದು ದೊಡ್ಡದು ಬರುತ್ತದೆ, ನೀರು ಯಾವ ಕಡೆಗೆ ಎಳೆಯುತ್ತಿದೆ ಎಂದು ನೋಡುವುದೇ ಆ ಕಾಲು ಗಂಟೆಯ ಕೆಲಸ. ಆ ಹೊತ್ತಿನಲ್ಲಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದಂತೆ, ತೆರೆಯ ಮುಖ ಇಸ್ತ್ರಿ ಮಾಡಿದ ಹಾಗಿರುತ್ತದಂತೆ. ಒಂಬತ್ತೂವರೆಯ ಮೇಲೆ ಗಾಳಿ ತಿರುಗಿ ಎಲ್ಲ ಕೆದರಿಹೋಗುತ್ತದೆ. ನಮ್ಮ ಬ್ಯಾಂಕು ಬಾಗಿಲು ತೆಗೆಯುವ ಹೊತ್ತಿಗೆ ಅವನ ಆಫೀಸು ಮುಚ್ಚಿರುತ್ತಿತ್ತು.

ಆಮೇಲೆ ಜಲಜಕ್ಕನ ಮನೆಯಲ್ಲಿ ಗಂಜಿ. ಗಂಜಿಯ ಜೊತೆಗೆ ಏನು ಎಂದು ನಾನು ಕೇಳುತ್ತಿರಲಿಲ್ಲ, ಅವನು ಹೇಳುತ್ತಲೂ ಇರಲಿಲ್ಲ. ಮೀನುಗಾರರ ಮನೆಯಲ್ಲಿ ಗಂಜಿಗೆ ಹುರುಳಿಕಾಯಿ ಪಲ್ಯ ಹಾಕುತ್ತಾರೆಂದು ನಂಬುವಷ್ಟು ಪೆದ್ದಿ ನಾನಲ್ಲ. ಊಟವಾದ ಮೇಲೆ ಸರ್ಫಿಂಗಿನ ಬಟ್ಟೆಗಳನ್ನು ಸಿಹಿನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಹಾಕಬೇಕು. ಹಲಗೆ ಎಲ್ಲಾದರೂ ಒಡೆದಿದ್ದರೆ ಫೈಬರ್ ಬಟ್ಟೆ, ರೆಸಿನ್ ಎಂಬ ಅಂಟು ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜಿದ ಪುಡಿ ಮೈಗೆ ತಾಗಿ ರಾತ್ರಿಯೆಲ್ಲ ತುರಿಕೆ. ಉಪ್ಪುಗಾಳಿಗೆ ಬೀಗದ ಕೈ, ಫ್ಯಾನು, ಬೈಕಿನ ಚೈನು ಎಲ್ಲವೂ ತುಕ್ಕು. ಒಂದು ಸಲ ಇಲ್ಲಿಗೆ ಬಂದವನು ನಮ್ಮನೆಯ ಇಪ್ಪತ್ತು ವರ್ಷದ ಹಳೆಯ ಕಬ್ಬಿಣದ ಗೇಟನ್ನು ಸವರಿ ನೋಡಿ, ಇಲ್ಲಿ ಕಬ್ಬಿಣ ಎಷ್ಟು ಸುಖವಾಗಿದೆ ಅಂದ.

ಇನ್ನು ಮೇಣ. ಹಲಗೆಯ ಮೇಲೆ ಮೇಣ ತಿಕ್ಕುತ್ತಾರೆ ಅಂದಾಗ ಅದು ಜಾರಲಿ ಎಂದು ತಿಕ್ಕುವುದೆಂದೇ ನಾನು ತಿಳಿದಿದ್ದೆ. ಅವನು ಮರೆತು ಬಿಟ್ಟುಹೋದ ಒಂದು ಬಿಲ್ಲೆಯನ್ನು, ತೆಂಗಿನೆಣ್ಣೆಯ ವಾಸನೆಯದು, ಮಳೆಗಾಲದಲ್ಲಿ ಉಬ್ಬಿಕೊಳ್ಳುವ ನಮ್ಮ ಅಡುಗೆಮನೆಯ ಡ್ರಾಯರಿಗೆ ಧಾರಾಳವಾಗಿ ಸವರಿದೆ. ಡ್ರಾಯರು ಕಚ್ಚಿಕೊಂಡು ಕೂತಿತು. ಚಮಚ, ಸೌಟುಗಳೆಲ್ಲ ಒಳಗೆ. ಜರಗನಹಳ್ಳಿಯಿಂದ ಬಡಗಿ ಬರುವವರೆಗೆ ಎರಡು ದಿನ ಕಾಫಿ ಲೋಟದಲ್ಲೇ ಸಾರು ಬಡಿಸಿದೆ. ಫೋನಿನಲ್ಲಿ ಹೇಳಿದರೆ ಗುಂಡ ನಕ್ಕು ನಕ್ಕು ಸುಸ್ತಾದ. ಮೇಣ ತಿಕ್ಕುವುದು ಜಾರುವುದಕ್ಕಲ್ಲ, ಕಾಲು ಜಾರದೆ ಹಿಡಿದು ನಿಲ್ಲುವುದಕ್ಕೆ. ಹಾಗೇ ಹಲಗೆಗೂ ಕಾಲಿಗೂ ಒಂದು ಹಗ್ಗ ಕಟ್ಟಿಕೊಂಡಿರುತ್ತಾರೆ, ಬಿದ್ದರೆ ಹಲಗೆ ದೂರ ಹೋಗದಿರಲಿ ಎಂದು. ಚಿಕ್ಕವನಿದ್ದಾಗ ಉಡುಪಿಯ ಯಾತ್ರೆಗೆ ಹೋಗಿ ಮಲ್ಪೆಯ ಸಮುದ್ರ ತೋರಿಸಿದಾಗ ಅಮ್ಮ ತನ್ನ ಸೆರಗಿನ ತುದಿಯನ್ನು ಅವನ ಸೊಂಟಕ್ಕೆ ಗಂಟುಹಾಕಿದ್ದಳು. ಅದೇ ಹಗ್ಗ ಇದು ಅಂದ.

ಮದುವೆಮನೆಯ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಆಮೇಲೆ ನಗುವ ಹಾಗಿಲ್ಲ. ನನ್ನ ಮಗಳ ಮದುವೆಗೆ ಬಸ್ಸಿನಲ್ಲಿ ಬಂದಿಳಿದ, ಹೊರಡುವ ಮುಂಚೆ ಸಂಜೆ ಒಂದು ಸಲ ಸಮುದ್ರಕ್ಕಿಳಿದು. ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದಾನೆ. ಗರಿಗರಿ ಪಂಚೆ, ಶಲ್ಯ, ಬಿಸಿಲಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಕೂದಲು. ಕೋಸಂಬರಿ ತೆಗೆದುಕೊಳ್ಳಲು ಬಗ್ಗಿದ, ಮೂಗಿನಿಂದ ಸಳಸಳ ನೀರು ಎಲೆಯ ಮೇಲೆ ಸುರಿಯಿತು. ಹಿಂದಿನ ದಿನದ ಸಮುದ್ರ ತಲೆಯೊಳಗೆ ಎಲ್ಲೋ ಉಳಿದಿರುತ್ತದಂತೆ, ಬಗ್ಗಿದಾಗ ಇಳಿಯುತ್ತದಂತೆ. ಎದುರಿಗಿದ್ದ ಪದ್ಮತ್ತೆ ನೆಗಡಿಯೇನೋ ಅಂದರು. ಇವನು ‘ಇಲ್ಲ ಅತ್ತೆ, ನಿನ್ನೆ ಸಂಜೆದು’ ಅಂದ. ಅವರು ಎಲೆ ಬಿಟ್ಟು ಎದ್ದರು. ನಾನು ಸಿಟ್ಟಿನಿಂದ ಅವನ ಹತ್ತಿರ ಇಡೀ ದಿನ ಮಾತಾಡಲಿಲ್ಲ.

ಈಗ ಆಣೆಯ ವಿಷಯ. ಅವನು ಅಲ್ಲಿಗೆ ಹೋದ ಹೊಸತರಲ್ಲಿ ಹಲಗೆಯ ಅಡಿಯ ರೆಕ್ಕೆ ಹಣೆಗೆ ಬಡಿದು ಆರು ಹೊಲಿಗೆ ಬಿತ್ತು. ವಿಷಯ ತಿಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಡಾಕ್ಟರಿಗೆ ಫೋನ್ ಮಾಡಿದ್ದಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದ್ದು. ಅಮಾವಾಸ್ಯೆ! ನೋಡಿ, ನಮ್ಮಂಥವರಿಗೆ ಅಷ್ಟು ಸಾಕು. ಅವತ್ತೇ ಫೋನಿನಲ್ಲಿ ಹಿಡಿದು ಕೂರಿಸಿದೆ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಮಂಗಳವಾರ, ಶುಕ್ರವಾರ ಇಷ್ಟು ದಿನ ನೀರಿಗೆ ಇಳಿಯಕೂಡದು ಅಂದೆ. ಅವನು ಚೌಕಾಸಿಗೆ ನಿಂತ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೇಳಿದ ಹಾಗೆ ಅರ್ಧ ಗಂಟೆ ಕೇಳಿದ. ಮಂಗಳವಾರ ಹೋಯಿತು, ಶುಕ್ರವಾರ ಹೋಯಿತು, ಗ್ರಹಣವೂ ಹೋಯಿತು. ಸಮುದ್ರಕ್ಕೆ ಹುಣ್ಣಿಮೆಯೂ ಒಂದೇ, ಅಮಾವಾಸ್ಯೆಯೂ ಒಂದೇ, ಎರಡು ದಿನವೂ ನೀರು ಅಷ್ಟೇ ಏರುತ್ತದೆ, ಅಷ್ಟೇ ಇಳಿಯುತ್ತದೆ ಎಂದು ಪಾಠ ಹೇಳಿದ. ಹುಣ್ಣಿಮೆ ಸತ್ಯನಾರಾಯಣ ಪೂಜೆ ಮಾಡುವ ದಿನ, ಅದರಿಂದ ಕೆಟ್ಟದ್ದಾಗುವುದಿಲ್ಲ ಎಂದು ನಾನೇ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ. ಉಳಿದದ್ದು ಅಮಾವಾಸ್ಯೆ ಒಂದೇ.

“ತಿಂಗಳಲ್ಲಿ ಒಳ್ಳೇ ದಿನಾನೇ ಆರಿಸಿ ಕೇಳ್ತಿದೀಯಲ್ಲೇ ಅಕ್ಕ,” ಅಂದ. ಆ ದಿನ ಇಳಿತ ಜಾಸ್ತಿ, ದಡದಿಂದ ದೂರದ ಮರಳದಿಬ್ಬ ಮೇಲೆ ಬರುತ್ತದೆ, ಅದರ ಮೇಲೆ ತೆರೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ ಎಂದು ವಿವರಿಸಿದ. ಒಳ್ಳೆಯದನ್ನೇ ಬಿಡಬೇಕು ಅಂದೆ ನಾನು. ಕಾಶಿಗೆ ಹೋದವರು ಇಷ್ಟವಾದ ತರಕಾರಿ ಬಿಟ್ಟುಬರುವುದಿಲ್ಲವೇ, ಹಾಗೆ. ಹಾಗಲಕಾಯಿ ಬಿಟ್ಟುಬಂದು ಜಾಣರಾದವರೂ ನಮ್ಮ ಮನೆತನದಲ್ಲಿದ್ದಾರೆ, ನೀನು ಹಾಗೆ ಮಾಡಬೇಡ ಅಂದೆ. “ನನ್ನ ಮೇಲೆ ಆಣೆ ಮಾಡು” ಅಂದೆ. ಕೊನೆಗೆ ಆಯ್ತು ಅಂದ.

ಕ್ಯಾಲೆಂಡರ್ ಕಳಿಸುವುದು ಹಾಗೆ ಶುರುವಾಯಿತು. ಹನ್ನೆರಡು ತಿಂಗಳ ಅಮಾವಾಸ್ಯೆಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸುತ್ತಿದ್ದೆ. ಅವನು ಅದೇ ಕ್ಯಾಲೆಂಡರಿನ ತಿಥಿ ನೋಡಿ ಸಮುದ್ರದ ಏರಿಳಿತದ ಲೆಕ್ಕ ಹಾಕುತ್ತಿದ್ದ. ನಾನು ಯಾವುದಕ್ಕೆ ಹೆದರುತ್ತಿದ್ದೆನೋ ಅವನು ಅದಕ್ಕೇ ಕಾಯುತ್ತಿದ್ದ.

ಫೋನಿಗೂ ಒಂದು ಕ್ರಮವಿತ್ತು. ಬೆಳಿಗ್ಗೆ ದಡದಲ್ಲಿ ನಿಂತು ಮಾಡುತ್ತಿದ್ದ. ನಾನು ಡಿಕಾಕ್ಷನ್ನಿಗೆ ನೀರು ಹಾಕುವ ಹೊತ್ತು. ‘ಹೋಗ್ತೀನಿ’ ಅಂದರೆ ಬಿಡುತ್ತಿರಲಿಲ್ಲ, ‘ಹೋಗಿ ಬರ್ತೀನಿ’ ಅನ್ನಿಸುತ್ತಿದ್ದೆ. ನೀರಿನಿಂದ ಮೇಲೆ ಬಂದ ಮೇಲೆ ಒಂದು ಮಿಸ್ಡ್ ಕಾಲ್. ಒಂದೇ ರಿಂಗು. ಆ ಎರಡರ ನಡುವಿನ ಎರಡು ಗಂಟೆ ನಾನು ತಿಂಡಿ ಮಾಡುತ್ತಿದ್ದೆ, ಪೂಜೆ ಮಾಡುತ್ತಿದ್ದೆ, ಬ್ಯಾಂಕಿಗೆ ಸೀರೆ ಉಡುತ್ತಿದ್ದೆ, ಆದರೆ ಕಿವಿ ಮಾತ್ರ ಫ್ರಿಜ್ಜಿನ ಮೇಲಿನ ಫೋನಿನ ಹತ್ತಿರವೇ ಇರುತ್ತಿತ್ತು. ಅಮಾವಾಸ್ಯೆಯ ದಿನ ಫೋನಿಲ್ಲ. ಆ ಬೆಳಿಗ್ಗೆ ನನಗೆ ಹಬ್ಬ. ಎರಡನೇ ಲೋಟ ಕಾಫಿ ಕುಡಿದು ಪೇಪರ್ ಓದುತ್ತಿದ್ದೆ.

ಅವನು ಹಲಗೆಯ ಮೇಲೆ ನಿಲ್ಲುವುದನ್ನು ನೋಡಿಲ್ಲ ಅಂದೆನಲ್ಲ. ಒಂದು ಸಲ ಹೋಗಿದ್ದೆವು, ನಾನು ಮತ್ತು ನಮ್ಮ ಯಜಮಾನರು. ಅವರು ಟಿಕೆಟ್ ಮಾಡುವಾಗ ಪಂಚಾಂಗ ನೋಡುವವರಲ್ಲ. ಶನಿವಾರ ನಾವು ತಲುಪುವ ಹೊತ್ತಿಗೆ ಗಾಳಿ ತಿರುಗಿ ಸಮುದ್ರ ಕೆಟ್ಟಿತ್ತು. ಭಾನುವಾರ ಸಂಜೆಗೆ ವಾಪಸು ರೈಲು. ಭಾನುವಾರ ಅಮಾವಾಸ್ಯೆ.

ಬೆಳಿಗ್ಗೆ ಮೂವರೂ ದಡಕ್ಕೆ ಹೋದೆವು. ನನಗೆ ಸಮುದ್ರದ ಒಳ್ಳೆಯದು ಕೆಟ್ಟದ್ದು ತಿಳಿಯುವುದಿಲ್ಲ. ಆದರೆ ಅವತ್ತಿನದು ಒಳ್ಳೆಯದಿರಬೇಕು, ಅವನ ಮುಖದಲ್ಲಿ ಕಾಣುತ್ತಿತ್ತು. ತೆರೆಗಳು ದೂರದಲ್ಲಿ ಒಂದರ ಹಿಂದೆ ಒಂದು ಎದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವನ ಹತ್ತಿರ ಕಲಿತ ಹುಡುಗಿಯರಿಬ್ಬರು ಅವುಗಳ ಮೇಲೆ ನಿಂತು ಬರುತ್ತಿದ್ದರು. ಗುಂಡ ಮೊಣಕಾಲವರೆಗೆ ಪ್ಯಾಂಟ್ ಮಡಚಿಕೊಂಡು ಒಣಮರಳಿನಲ್ಲಿ ನಿಂತಿದ್ದ. ಯಜಮಾನರು ಸ್ವಲ್ಪ ದೂರ ನಡೆದುಹೋದ ಮೇಲೆ ನನ್ನ ಹತ್ತಿರ ಬಂದ.

“ಅಕ್ಕ, ಇವತ್ತೊಂದಿನ ಬಿಡೇ. ನೀನೇ ಎದುರಿಗಿದೀಯಲ್ಲ.”

“ನಾನಿದ್ದು ಏನು ಮಾಡ್ಲಿ? ನನಗೇನು ಈಜು ಬರತ್ತಾ?”

“ಅದಕ್ಕಲ್ಲ. ನೋಡ್ತೀಯ ಅಂತ.”

“ಮುಂದಿನ ಸಲ ಬಂದಾಗ ನೋಡ್ತೀನಿ ಕಣೋ. ಎಲ್ಲಿಗೆ ಹೋಗತ್ತೆ ನಿನ್ನ ಸಮುದ್ರ?”

ಅವನು ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಜೊತೆಗೆ ನಡೆದ. ಮುಂದಿನ ಸಲ ಬರಲಿಲ್ಲ. ಮೊಮ್ಮಗಳು ಹುಟ್ಟಿದಳು, ನನ್ನ ಮಂಡಿ ನೋವು ಶುರುವಾಯಿತು, ಆಮೇಲೆ ನಿವೃತ್ತಿ. ಅವನೇ ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಹದಿನೈದು ದಿನ ಬಂದಿರುತ್ತಿದ್ದನಲ್ಲ ಎಂದು ನಾನೂ ಸುಮ್ಮನಾದೆ. ಬಂದಾಗ ಬೆಳಿಗ್ಗೆ ಐದಕ್ಕೇ ಎದ್ದು ತಾರಸಿಯ ಮೇಲೆ ನಿಂತಿರುತ್ತಿದ್ದ. ಎದುರುಮನೆಯವರ ತೆಂಗಿನಮರ ನೋಡಿ ಗಾಳಿ ಯಾವ ಕಡೆಯದು ಎಂದು ಹೇಳುತ್ತಿದ್ದ. ಜಯನಗರದಲ್ಲಿ ಗಾಳಿ ಯಾವ ಕಡೆಯದಾದರೆ ಯಾರಿಗೇನು. ನಾನು ಹಾಗಂದೂ ಇದ್ದೇನೆ.

ಹೋದ ಮೇ ತಿಂಗಳ ಅಮಾವಾಸ್ಯೆಯ ದಿನವೂ ಎರಡನೇ ಲೋಟ ಕಾಫಿ ಕುಡಿದೆ. ಕೆಲಸದವಳ ಜೊತೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದೆ. ಹತ್ತು ಗಂಟೆಗೆ ಅವನ ನಂಬರಿನಿಂದ ಫೋನ್ ಬಂತು. ಇವತ್ತು ಯಾಕೆ ಮಾಡುತ್ತಿದ್ದಾನೆ ಎಂದುಕೊಂಡೆ. ಮಾತಾಡಿದವರು ಪೊಲೀಸರು. ರೆಸಿನ್ ಡಬ್ಬ ತರಲು ಮಂಗಳೂರಿಗೆ ಬೈಕಿನಲ್ಲಿ ಹೊರಟಿದ್ದನಂತೆ. ಹಿಂದಿನಿಂದ ಬಂದ ಲಾರಿ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಕ್ಕಲಿಲ್ಲ.

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹನ್ನೊಂದು ವರ್ಷದಿಂದ ಸಮುದ್ರಕ್ಕೆಂದೇ ಎತ್ತಿಟ್ಟುಕೊಂಡಿದ್ದ ಮಾತುಗಳನ್ನು ತಂದಿದ್ದರು. ರಸ್ತೆಯಲ್ಲಿ ಅಂದ ಕೂಡಲೇ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಪದ್ಮತ್ತೆ ನನ್ನ ಕೈ ಹಿಡಿದುಕೊಂಡು, ಅಮಾವಾಸ್ಯೆಯ ದಿನ ಗಾಡಿ ತೆಗೆದುಕೊಂಡು ಯಾಕಮ್ಮ ಹೊರಟ, ಹೇಳುವವರು ಯಾರೂ ಇರಲಿಲ್ಲವೇ ಎಂದು ಕೇಳಿದರು. ಹೇಳುವವಳು ಅವರ ಕೈಯನ್ನೇ ಹಿಡಿದು ಕೂತಿದ್ದಳು. ಆಮೇಲೆ ಎಲ್ಲರೂ ನೀನು ಅವನನ್ನು ತಾಯಿಯ ಹಾಗೆ ನೋಡಿಕೊಂಡೆ, ನಿನ್ನದೇನೂ ತಪ್ಪಿಲ್ಲ ಅಂದರು. ಎಷ್ಟು ಜನ, ಎಷ್ಟು ಸಲ ಅಂದರು! ಒಂದೊಂದು ಸಲ ಅಂದಾಗಲೂ ನನಗೆ ಎದ್ದು ಹೊರಗೆ ಹೋಗಬೇಕೆನಿಸುತ್ತಿತ್ತು. ಆಣೆಯನ್ನು ನಂಬಿದ್ದೂ ತಪ್ಪಲ್ಲವೇ, ಮಾಡಿಸಿದ್ದೂ ತಪ್ಪಲ್ಲವೇ ಎಂದು ಕೇಳಲು ಒಬ್ಬರೂ ಇರಲಿಲ್ಲ, ಯಾಕೆಂದರೆ ಆಣೆಯ ವಿಷಯ ಗೊತ್ತಿದ್ದವನು ಒಬ್ಬನೇ.

ತಿಂಗಳಾದ ಮೇಲೆ ಅವನ ಕೋಣೆ ಖಾಲಿ ಮಾಡಲು ಹೋದೆ. ಜಲಜಕ್ಕನನ್ನು ಹಿಂದೆ ಒಂದು ಸಲ ನೋಡಿದ್ದೆನಷ್ಟೆ. ನನ್ನ ವಯಸ್ಸಿನವರೇ, ದಪ್ಪ ಕನ್ನಡಕ, ಕಡಿಮೆ ಮಾತು. ಹಲಗೆಗಳನ್ನು ಅವನ ಹತ್ತಿರ ಕಲಿತವರಿಗೇ ಕೊಟ್ಟೆವು. ಬಟ್ಟೆಗಳನ್ನು ಮಡಿಸಿ ಮಡಿಸಿ ಇಬ್ಬರಿಗೂ ಕೈ ಸೋತಿತು. ಜಲಜಕ್ಕ ಕಷಾಯ ಮಾಡಿ ತಂದರು. ಲೋಟ ಕೊಡುತ್ತಾ, ಅಮಾವಾಸ್ಯೆಯ ದಿನಕ್ಕೇ ಮಂಗಳೂರಿನ ಕೆಲಸಗಳನ್ನೆಲ್ಲ ಎತ್ತಿಡುತ್ತಿದ್ದ, ಬೇರೆ ದಿನ ಊರು ಬಿಟ್ಟು ಹೋದವನೇ ಅಲ್ಲ ಅಂದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ತಿಂಗಳಿಗೆ ಒಂದು ದಿನ ಅವ ನೀರಿಗೆ ಇಳಿತಿರಲಿಲ್ಲ. ಯಾಕೆ ಅಂತ ನಿಮಗೆ ಗೊತ್ತುಂಟಾ?”

“ಗೊತ್ತಿಲ್ಲ,” ಅಂದೆ.

ಅಷ್ಟು ಸಲೀಸಾಗಿ ಬಂತು ಮಾತು. ಅವರು ಹ್ಞೂಂ ಅಂದು ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಅವನ ಬರಿ ಮಂಚದ ಮೇಲೆ ಕೂತು, ನನ್ನಂಥ ಹೇಡಿ ಇನ್ನೊಬ್ಬಳಿಲ್ಲ ಎಂದುಕೊಂಡೆ. ರೈಲಿನಲ್ಲಿ ಬೆಂಗಳೂರಿನವರೆಗೂ ಅದನ್ನೇ ಅಂದುಕೊಂಡು ಬಂದೆ.

ಆಮೇಲಿನ ತಿಂಗಳುಗಳಲ್ಲಿ ಏನೇನೋ ಮಾಡಿದೆ. ದೇವಸ್ಥಾನಕ್ಕೆ ಹೋದೆ, ಮಂಡಿಗೆ ಫಿಸಿಯೋಥೆರಪಿ ಮಾಡಿಸಿಕೊಂಡೆ, ಮೊಮ್ಮಗಳಿಗೆ ಸ್ವೆಟರ್ ಹೆಣೆದು ಬಿಚ್ಚಿ ಮತ್ತೆ ಹೆಣೆದೆ. ಬೆಳಿಗ್ಗೆ ಡಿಕಾಕ್ಷನ್ನಿಗೆ ನೀರು ಹಾಕುವಾಗ ಕಿವಿ ಇನ್ನೂ ಫೋನಿನ ಕಡೆಗೇ ಹೋಗುತ್ತದೆ. ದಿನಾಲೂ ಹೋಗುತ್ತದೆ, ದಿನಾಲೂ ಅಭ್ಯಾಸದಂತೆ ವಾಪಸು ಬರುತ್ತದೆ. ಆದರೆ ಅಮಾವಾಸ್ಯೆಯ ಬೆಳಿಗ್ಗೆಗಳೇ ಹೆಚ್ಚು ಕಷ್ಟ. ಅವತ್ತು ಫೋನು ಬರದೆ ಇರುವುದು ಸಹಜ ಎಂದು ಮನಸ್ಸಿಗೆ ಒಂದು ಕ್ಷಣ ಅನ್ನಿಸಿಬಿಡುತ್ತದೆ. ಆ ಒಂದು ಕ್ಷಣ ಅವನು ಇದ್ದಾನೆ. ಆಮೇಲೆ ಇಲ್ಲ.

ಹೋದ ವಾರ ಅಮಾವಾಸ್ಯೆ. ಯಜಮಾನರು ವಾಕಿಂಗ್ ಹೋಗಿದ್ದರು. ಕಾಫಿ ಬೆರೆಸಿಕೊಳ್ಳದೆ ನಿಂತಿದ್ದವಳು ಏನೂ ಯೋಚನೆ ಮಾಡದೆ ಜಲಜಕ್ಕನಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಕೇಳಲಿಲ್ಲ. ಅವತ್ತು ನಿಮಗೆ ಸುಳ್ಳು ಹೇಳಿದೆ, ಅವನು ಅಮಾವಾಸ್ಯೆಯ ದಿನ ನೀರಿಗೆ ಇಳಿಯದಿದ್ದುದು ನನ್ನಿಂದ, ನಾನೇ ಆಣೆ ಮಾಡಿಸಿದ್ದೆ, ಇಳಿದಿದ್ದರೆ ಇವತ್ತು ಇರುತ್ತಿದ್ದ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಆ ಕಡೆ ಒಲೆಯ ಮೇಲಿದ್ದುದನ್ನು ಇಳಿಸಿದ ಸದ್ದು ಕೇಳಿತು.

“ಗೊತ್ತುಂಟು,” ಅಂದರು. “ಅವ ಆ ದಿನಕ್ಕೆ ಅಕ್ಕನ ರಜೆ ಅಂತ ಹೇಳ್ತಿದ್ದ. ನೀವಾಗಿ ಹೇಳಿದ್ರೆ ನಿಮಗೆ ಸ್ವಲ್ಪ ಹಗುರ ಆದೀತು ಅಂತ ಕೇಳಿದ್ದು ನಾನು. ನೀವು ಗೊತ್ತಿಲ್ಲ ಅಂದ್ರಿ. ಸುಮ್ಮನಾದೆ.”

ನಾನು 'ನನ್ನನ್ನು ಬೈಯುತ್ತಿದ್ದನೇ' ಎಂದು ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಛೇ, ಎಲ್ಲಾದರೂ ಉಂಟೇ ಅನ್ನುತ್ತಿದ್ದರು. ಜಲಜಕ್ಕ ಅನ್ನಲಿಲ್ಲ.

“ತೆರೆ ಚಂದ ಇದ್ದ ದಿನ ಬೈತಿದ್ದ. ಇಲ್ಲದ ದಿನ ಇಲ್ಲ.”

“ಅವತ್ತು ತೆರೆ ಹೇಗಿತ್ತು?”

ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ.

“ಆ ವರ್ಷಕ್ಕೇ ಅಷ್ಟು ಚಂದದ್ದು ಬಂದಿರಲಿಲ್ಲ,” ಅಂದರು.

ಹಾಗಾದರೆ ಗುಂಡ ನನ್ನನ್ನು ಬೈದುಕೊಂಡೇ ಬೈಕ್ ಹತ್ತಿದ್ದಾನೆ. ನನಗೆ ಎದೆ ಒಡೆಯಬೇಕಿತ್ತು. ಹಾಗಾಗಲಿಲ್ಲ. ಎಂಟು ತಿಂಗಳಿಂದ ಸಮಾಧಾನದ ಮಾತು ಕೇಳಿ ಕೇಳಿ ಸೋತಿದ್ದವಳಿಗೆ, ಬೈಯಬೇಕಾದವನು ಬೈದೇ ಹೋಗಿದ್ದಾನೆ ಎಂದು ತಿಳಿದು ಒಂದು ಬಗೆಯ ನೆಮ್ಮದಿಯಾಯಿತು. ಏನೆಂದು ಬೈದ, ಅಂದದ್ದನ್ನು ಅಂದ ಹಾಗೇ ಹೇಳಿ ಅಂದೆ. ಜಲಜಕ್ಕ ಬೇಡ ಅಂದರು. ನಾನು ಬಿಡಲಿಲ್ಲ.

ಹೇಳಿದರು. ಅದು ಅಚ್ಚುಮಾಡುವ ಮಾತಲ್ಲ. ಗ್ಯಾಸ್ ಕಟ್ಟೆಗೆ ಒರಗಿ ನಿಂತು, ಅವನು ಹೋದ ಮೇಲೆ ಮೊದಲ ಸಲ ದನಿ ಬಿಟ್ಟು ಅತ್ತೆ. ಅಳುತ್ತಲೇ ಇನ್ನೊಂದು ಸಲ ಹೇಳಿ ಅಂದೆ.